ಕೊಡದೆ ಇಟ್ಟುಕೊಂಡ ಚೀಟಿ

ಥೆಕ್ಲಾ ಹೋಲ್ಟ್‌ಕಾಂಪಳ ಬಗ್ಗೆ ನಮ್ಮ ಬೀದಿಯವರು ಎರಡು ಮಾತು ಹೇಳುತ್ತಾರೆ. ಒಂದು, ಆಕೆ ಹಟಮಾರಿ. ಎರಡು, ಆಕೆಗೆ ಬಾಯಿ ಜಾಸ್ತಿ. ಎರಡೂ ನಿಜ. ಆದರೆ ಹಾಗೆ ಹೇಳುವವರಲ್ಲಿ ಅರ್ಧ ಜನ ಇವತ್ತು ಉಸಿರಾಡುತ್ತಿರುವುದು ಆ ಹಟದಿಂದಲೇ ಎಂದು ಹೇಳಲು ಮಾತ್ರ ಯಾರಿಗೂ ನಾಲಿಗೆ ಏಳುವುದಿಲ್ಲ. ಅದಕ್ಕೇ ನಾನು ಹೇಳುತ್ತೇನೆ. ನಾನು ಆಫ್ರಾ ಜಿನ್ಸ್‌ಮೈಸ್ಟರ್. ಅವಳ ಔಷಧಿ ಅಂಗಡಿಯ ಹಿಂಬದಿಯಲ್ಲಿ ಇಪ್ಪತ್ತೆರಡು ವರ್ಷ ಬಾಟಲಿ ತೊಳೆದವಳು. ಬಾಟಲಿ ತೊಳೆಯುವವಳಿಗೆ ಏನು ಗೊತ್ತಿರುತ್ತದೆ ಎಂದು ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಸಿನ್ಸಿನ್ನಾಟಿಯಲ್ಲಿ ಕಾಲುವೆಯ ಈಚೆ ದಡ ನಮ್ಮದು, ಜರ್ಮನರದ್ದು. ಆಚೆ ದಡ ಇಂಗ್ಲಿಷಿನವರದ್ದು. ಅವರು ನಮ್ಮನ್ನು ಡಚ್ಚರು ಎನ್ನುತ್ತಾರೆ. ಅಲ್ಲ ಕಣ್ರೀ ಎಂದು ತಿದ್ದಿದರೂ ಮತ್ತೆ ಡಚ್ಚರು ಎಂದೇ ಅನ್ನುತ್ತಾರೆ. ಈಚೆ ದಡದಲ್ಲಿ ಸೇಂದಿ ಹುಳಿಯಂತೆ ಬಿಯರ್ ನಾರುವ ಮೂರನೆಯ ಬೀದಿಯ ಮೂಲೆಗೆ ಥೆಕ್ಲಾಳ ಅಂಗಡಿ. ಕಿಟಕಿಯಲ್ಲಿ ಕೆಂಪು ನೀರಿನದೊಂದು, ಹಸಿರು ನೀರಿನದೊಂದು ದೊಡ್ಡ ಗಾಜಿನ ಬುರುಡೆ. ಅಂಗಡಿಯ ಮುಂಭಾಗದಲ್ಲಿ ಕಪ್ಪು ಕೋಟು ತೊಟ್ಟು ನಿಂತಿರುತ್ತಿದ್ದವನು ಅವಳ ಗಂಡ ಆನ್ಸ್‌ಗಾರ್. ಪರದೆಯ ಹಿಂದೆ ತೋಳು ಮಡಚಿಕೊಂಡು ಒರಳಿನಲ್ಲಿ ಅರೆಯುತ್ತಿದ್ದವಳು ಅವಳು.

ಅವಳ ಅಪ್ಪ ಸಮುದ್ರದಾಚೆಯ ಹುಟ್ಟೂರಿನಲ್ಲಿ ಔಷಧಿ ಅಂಗಡಿಯವನೇ. ಗಂಡು ಮಕ್ಕಳು ಹುಟ್ಟಲಿಲ್ಲವೆಂದು ಮಗಳ ಕೈಗೇ ಒರಳು ಕೊಟ್ಟ. ಹದಿನಾರು ತುಂಬುವಷ್ಟರಲ್ಲಿ ಆಕೆ ಕಣ್ಣು ಮುಚ್ಚಿ ಗುಳಿಗೆ ಉರುಳಿಸುತ್ತಿದ್ದಳಂತೆ. ಆದರೆ ಹೆಣ್ಣಿನ ಹೆಸರಿನಲ್ಲಿ ಅಂಗಡಿ ನಡೆಸಲು ಅಲ್ಲಿ ಯಾರು ಬಿಡುತ್ತಾರೆ? ಅಪ್ಪನ ಕೈಕೆಳಗಿದ್ದ ಆನ್ಸ್‌ಗಾರ್‌ನನ್ನು ಮದುವೆಯಾಗಿ ಹಡಗು ಹತ್ತಿದಳು. ಆನ್ಸ್‌ಗಾರ್ ಬೆಣ್ಣೆಯಂಥ ಮನುಷ್ಯ. ಪಾಪ, ನಲವತ್ತಕ್ಕೇ ಅವನ ಕಣ್ಣಿಗೆ ಪೊರೆ ಬಂತು. ಆಮೇಲೆ ಗಿರಾಕಿಗಳು ತಂದ ಡಾಕ್ಟರ ಚೀಟಿಯನ್ನು ಮೂಗಿಗೆ ಹಿಡಿದು, "ಹಾಂ, ಹಾಂ, ಸರಿ" ಎಂದು ಓದಿದವನಂತೆ ತಲೆಯಾಡಿಸಿ ಪರದೆಯ ಹಿಂದಕ್ಕೆ ಚಾಚುತ್ತಿದ್ದ. ಹನ್ನೆರಡು ವರ್ಷ ಹಾಗೇ ನಡೆಯಿತು. ಇಡೀ ಬೀದಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅವನ ಕಣ್ಣು ಮಸುಕಾದ ವರ್ಷ ಥೆಕ್ಲಾ ಮಾರ್ಫಿನ್ ಬಾಟಲಿಗೆ ಕೆಂಪು ಉಣ್ಣೆಯ ಕಾಲುಚೀಲ ಹೆಣೆದು ತೊಡಿಸಿದಳು. ಮಾರ್ಫಿನ್ ಎಂದರೆ ಅಫೀಮಿನ ಸತ್ವ. ಜ್ವರದ ಕ್ವಿನೈನೂ ಬಿಳಿ, ಅದೂ ಬಿಳಿ; ಬಾಟಲಿಗಳೂ ಅವಳಿ ಜವಳಿ.

"ವಿಷಕ್ಕೂ ಚಳಿಯಾಗುತ್ತೇನೇ ಥೆಕ್ಲಾ?" ಎಂದೆ.

"ಕಣ್ಣು ಮರೆತ್ರೂ ಕೈ ಮರೀಬಾರ್ದು. ನಿನ್ನ ನಾಲಿಗೆಗೂ ಒಂದು ಹೆಣೀತೀನಿ, ಇರು."

ಈ ವ್ಯಾಪಾರದಲ್ಲಿ ಎಲ್ಲೂ ಬರೆಯದ ಎರಡು ಕಟ್ಟಳೆಗಳಿದ್ದವು. ಡಾಕ್ಟರು ತೂಕ ತಪ್ಪಾಗಿ ಬರೆದರೆ ಅಂಗಡಿಯವನು ಗುಟ್ಟಾಗಿ ಹೇಳಿ ಕಳಿಸಬೇಕು, ಡಾಕ್ಟರು ಗುಟ್ಟಾಗಿ ತಿದ್ದಬೇಕು, ಕಾಯಿಲೆಯವನ ಕಿವಿಗೆ ಅದು ಬೀಳಕೂಡದು. ಹಾಗೆ ಗುಟ್ಟು ಹೊತ್ತುಕೊಂಡು ಓಡಾಡುತ್ತಿದ್ದವಳು ನಾನೇ. ಈ ಊರಿನ ಎಷ್ಟು ಜನ ದೊಡ್ಡ ಡಾಕ್ಟರುಗಳ ಮಾನ ನನ್ನ ಏಪ್ರನ್ನಿನ ಜೇಬಿನಲ್ಲಿ ಓಡಾಡಿದೆ ಎಂದು ಹೇಳಹೊರಟರೆ ಸಂಜೆಯಾದೀತು. ಎರಡನೆಯ ಕಟ್ಟಳೆ ಚೀಟಿಯದು. ಔಷಧಿ ಕಟ್ಟಿಕೊಟ್ಟರೆ ಚೀಟಿ ಅಂಗಡಿಯಲ್ಲೇ ತಂತಿಗೆ ಸಿಕ್ಕಿಕೊಂಡು ಉಳಿಯುತ್ತದೆ. ಕಟ್ಟಿಕೊಡದಿದ್ದರೆ ತಂದವರ ಕೈಗೇ ವಾಪಸ್ಸು ಹೋಗಬೇಕು. ಥೆಕ್ಲಾ ಮುರಿದದ್ದು ಈ ಎರಡನೆಯದನ್ನು. ಆಮೇಲೆ ಮೊದಲನೆಯದನ್ನೂ ಮುರಿದಳು, ಬಿಡಿ.

ಆ ವರ್ಷ ಹೊಸ ಕಾನೂನು ಬಂತು. ಔಷಧಿ ಕಟ್ಟುವ ಪ್ರತಿಯೊಬ್ಬರೂ ಮಂಡಳಿಯ ಎದುರು ಪರೀಕ್ಷೆ ಕೊಡಬೇಕು, ಸರ್ಟಿಫಿಕೇಟ್ ತಂದು ಗೋಡೆಗೆ ತೂಗುಹಾಕಬೇಕು, ಇಲ್ಲದಿದ್ದರೆ ಅಂಗಡಿ ಮುಚ್ಚಬೇಕು. ಆನ್ಸ್‌ಗಾರ್‌ನ ಕೈಗೆ ಪರೀಕ್ಷೆಯಲ್ಲಿ ಒಂದು ಚೀಟಿ ಕೊಟ್ಟು ಓದು ಎಂದರೆ ಅಲ್ಲಿಗೆ ಮುಗಿಯಿತು. ಅಂಗಡಿ ಉಳಿಯಬೇಕಾದರೆ ಥೆಕ್ಲಾಳೇ ಪರೀಕ್ಷೆಗೆ ಕೂತು ಗೆಲ್ಲಬೇಕು. ಬೇರೆ ದಾರಿಯೇ ಇರಲಿಲ್ಲ.

"ಹೆಂಗಸು ಅಂತ ನಕ್ಕುಬಿಡ್ತಾರೆ ಕಣೇ," ಎಂದ ಆನ್ಸ್‌ಗಾರ್.

"ನಗಲಿ. ನಕ್ಕು ನಕ್ಕು ಕೆಮ್ಮು ಬಂದ್ರೆ ನಾನೇ ಮದ್ದು ಅರೆದುಕೊಡ್ತೀನಿ."

ಪರೀಕ್ಷೆಗೆ ಮೂರು ವಾರ ಇತ್ತು. ನವೆಂಬರಿನ ಒಂದು ಬೆಳಿಗ್ಗೆ ರೋಜೀನಾ ವೇಮೆಯರ್ ಚೀಟಿ ಹಿಡಿದು ಓಡಿಬಂದಳು. ಎರಡು ಮನೆಯಾಚೆ ಪೀಪಾಯಿ ಮಾಡುವವನ ಹೆಂಡತಿ. ನಮ್ಮ ಜೊತೆ ಬೆಳಿಗ್ಗೆ ಕಾಫಿ, ಸಂಜೆ ಜಗಳ. ಅವಳ ಏಳು ವರ್ಷದ ಮಗಳು ಲೋನಿಗೆ ನಾಯಿಕೆಮ್ಮು. ಹುಡುಗಿ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು. ಡಾಕ್ಟರ್ ಲ್ಯಾತ್ರಪ್ ಬಂದು ನೋಡಿ ಚೀಟಿ ಬರೆದಿದ್ದ. ಲ್ಯಾತ್ರಪ್ ಆಚೆ ದಡದವನು, ಆದರೆ ನಮ್ಮ ಕಡೆಯ ಮನೆಗಳಿಗೂ ಬರುತ್ತಿದ್ದ, ನಮ್ಮ ಭಾಷೆಯೂ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಕೆಟ್ಟ ಡಾಕ್ಟರಲ್ಲ. ಅವಸರದ ಡಾಕ್ಟರು.

ಥೆಕ್ಲಾ ಚೀಟಿಯನ್ನು ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಪರದೆ ಸರಿಸಿ ಈಚೆ ಬಂದಳು.

"ರೋಜೀನಾ, ಇದು ಲೋನಿಗೇ ತಾನೆ? ನಿನ್ನ ಗಂಡಂಗಲ್ಲ ತಾನೆ?"

"ನನ್ನ ಗಂಡ ಎಲ್ಲಿ ಕೆಮ್ತಾನೆ, ಕೆಮ್ಮೋಕೂ ಸೋಮಾರಿ ಅವ್ನು. ಬೇಗ ಕೊಡೇ, ಮಗು ಒದ್ದಾಡ್ತಿದೆ."

ಇಪ್ಪತ್ನಾಲ್ಕು ಪೊಟ್ಟಣ, ನಾಲ್ಕು ಗಂಟೆಗೊಂದರಂತೆ. ಎಲ್ಲ ಪೊಟ್ಟಣಕ್ಕೂ ಸೇರಿ ಒಂದೇ ಒಂದು ಕಾಳಿನ ತೂಕ ಮಾರ್ಫಿನ್ ಇರಬೇಕಿತ್ತು. ಲ್ಯಾತ್ರಪ್ ಒಂದೊಂದು ಪೊಟ್ಟಣಕ್ಕೂ ಒಂದೊಂದು ಕಾಳು ಎಂದು ಬರೆದಿದ್ದ. ಅಷ್ಟನ್ನು ನುಂಗಿದರೆ ದೊಡ್ಡ ಗಂಡಸೇ ಎದ್ದೇಳುವುದು ಅನುಮಾನ. ಆ ಕೂಸು ಎರಡನೆಯ ಪೊಟ್ಟಣದವರೆಗೂ ಹೋಗುತ್ತಿರಲಿಲ್ಲ.

ಕಟ್ಟಳೆಯ ಪ್ರಕಾರ ನಾನು ಓಡಿದೆ. ಚೀಟಿಯನ್ನು ಒಯ್ಯಲಿಲ್ಲ, ಥೆಕ್ಲಾ ಬೇರೆ ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಟ್ಟಳು. ಸೇತುವೆ ದಾಟಿ ಡಾಕ್ಟರ ಮನೆಗೆ ಹೋದರೆ ಅಲ್ಲಿ ರೇಷ್ಮೆ ಹೆಂಗಸರು ಸಾಲಾಗಿ ಕೂತಿದ್ದರು. ಲ್ಯಾತ್ರಪ್ ಕಾಗದವನ್ನು ಬಿಡಿಸಲೂ ಇಲ್ಲ.

"ಆ ಅಂಗಡಿಯಿಂದ ಇದು ಮೂರನೇ ಸಲ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಓದಿದೋನು ನಾನೋ, ಒರಳು ತಿರುಗಿಸೋ ಆ ಡಚ್ ಹೆಂಗಸೋ? ಬರೆದಿದ್ದನ್ನ ಕಟ್ಟಿಕೊಡೋಕೆ ಹೇಳು."

ರೇಷ್ಮೆಗಳು ನಕ್ಕವು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಮೊದಲ ಎರಡು ಸಲವೂ ಅವನೇ ತಪ್ಪು ಬರೆದಿದ್ದ, ತಿದ್ದಿಯೂ ಕೊಟ್ಟಿದ್ದ. ನೆನಪಿರಲಿಲ್ಲವೋ, ಚೆನ್ನಾಗಿ ನೆನಪಿತ್ತೋ, ಆ ದೇವರೇ ಬಲ್ಲ.

ವಾಪಸ್ಸು ಬಂದು ಹೇಳಿದೆ. ಥೆಕ್ಲಾ ಕೈ ಒರೆಸಿಕೊಂಡಳು.

"ರೋಜೀನಾ, ನಾನು ಕಟ್ಟಿಕೊಡಲ್ಲ. ಇದು ಮಗೂಗೆ ಜಾಸ್ತಿ ಆಗುತ್ತೆ. ಡಾಕ್ಟರ ಹತ್ರ ಹೋಗಿ ಇನ್ನೊಂದು ಸಲ ಬರೆಸ್ಕೊಂಡು ಬಾ."

"ಅವ್ರು ಸರಿ ಅಂದ್ರಂತಲ್ಲ! ಕೊಡು ಚೀಟಿ. ಬೇರೆ ಅಂಗಡಿಗೆ ಹೋಗ್ತೀನಿ."

"ಕೊಡಲ್ಲ."

"ಕೊಡಲ್ವಾ? ಕೊಡಲ್ಲ ಅಂದ್ರೇನೇ? ನಿಂದಾ ಅದು?"

"ಬೇರೆ ಅಂಗಡಿಯೋನು ನೋಡದೆ ಕಟ್ಟಿಕೊಟ್ರೆ? ಕೊಡಲ್ಲ ಅಂದ್ರೆ ಕೊಡಲ್ಲ." ಥೆಕ್ಲಾ ಆ ಚೀಟಿಯನ್ನು ತಂತಿಗೆ ಚುಚ್ಚಿಬಿಟ್ಟಳು.

ರೋಜೀನಾ ಕಿರುಚಿದ ಕಿರುಚು ಕಾಲುವೆಯ ದೋಣಿಯವರಿಗೂ ಕೇಳಿರಬೇಕು. ಕಟ್ಟೆ ಹತ್ತಿ ಬಂದು ಥೆಕ್ಲಾಳ ಜುಟ್ಟು ಹಿಡಿದಳು. "ಕಳ್ಳಿ! ಮಕ್ಕಳಿಲ್ಲದೋಳಿಗೆ ಮಕ್ಕಳ ನೋವು ಏನು ಗೊತ್ತೇ?" ಎಂದುಬಿಟ್ಟಳು. ಥೆಕ್ಲಾ ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಅದು ರೋಜೀನಾಗೆ ಗೊತ್ತಿತ್ತು. ಶವಪೆಟ್ಟಿಗೆಗೆ ಹೂ ತಂದವಳೇ ಅವಳು. ನಾನು ಒದ್ದೆ ಕೈಯಲ್ಲೇ ಇಬ್ಬರನ್ನೂ ಬಿಡಿಸಿದೆ. ರೋಜೀನಾ ನೆಲಕ್ಕೆ ಉಗಿದು ಹೋದಳು. ಥೆಕ್ಲಾಳ ಮುಖ ಸುಣ್ಣವಾಗಿತ್ತು, ಆದರೂ ಕೈ ತಂತಿಯ ಮೇಲೇ ಇತ್ತು.

ಮುಂದೆ ಆಗಿದ್ದು ಇಷ್ಟು. ರೋಜೀನಾ ಅಳುತ್ತಾ ಡಾಕ್ಟರ ಹತ್ತಿರ ಹೋದಳು. ಅವನು ಎರಡನೆಯ ಚೀಟಿ ಬರೆದ. ಆಚೆ ದಡದ ಒಂದು ಅಂಗಡಿಯಲ್ಲಿ ಔಷಧಿ ಕಟ್ಟಿಸಿದರು. ಹತ್ತು ದಿನದಲ್ಲಿ ಲೋನಿ ಎದ್ದು ಕೂತು ಬ್ರೆಡ್ಡು ಸಾರು ಕೇಳಿದಳು. ಬೀದಿಯೆಲ್ಲ ಒಂದೇ ಮಾತು: ಹೋಲ್ಟ್‌ಕಾಂಪ್ ಹೆಂಡತಿಗೆ ಚೀಟಿ ಓದೋಕೆ ಬರಲ್ಲ, ಮಗು ಸಾಯ್ತಿದ್ರೂ ಚೀಟಿ ಕಿತ್ತಿಟ್ಟುಕೊಂಡಳು, ಡಾಕ್ಟರು ಕಾಪಾಡಿದರು.

ನಾನು ಕೊಳಾಯಿಯ ಹತ್ತಿರ, ಚರ್ಚಿನ ಹತ್ತಿರ, ಕಟುಕನ ಅಂಗಡಿ ಹತ್ತಿರ ಜಗಳವಾಡಿದೆ. ಕಟುಕನ ಹೆಂಡತಿಗೆ ಹಂದಿ ಕಾಲಲ್ಲೇ ಹೊಡೆಯುವುದೊಂದು ಬಾಕಿ.

ಥೆಕ್ಲಾ ಮಾತ್ರ, "ಮಗು ಬದುಕಿದೆ ತಾನೆ? ಹಾಗಾದ್ರೆ ಎರಡನೇ ಚೀಟೀಲಿ ಸರಿಯಾಗಿ ಬರೆದಿದಾನೆ. ಮೊದಲನೇದು ತಪ್ಪು ಅಂತ ಅವನಿಗೂ ಗೊತ್ತು. ನಂಗೆ ಅಷ್ಟು ಸಾಕು," ಎಂದಳು.

ಅಷ್ಟು ಸಾಕಾಗಲಿಲ್ಲ. ಅಂಗಡಿಗೆ ಜನ ಬರುವುದು ನಿಂತಿತು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗಳು ನಮ್ಮ ಬಾಗಿಲ ಮುಂದೆಯೇ ತಲೆ ತಗ್ಗಿಸಿಕೊಂಡು ಸೇತುವೆ ಕಡೆ ಹೋಗುತ್ತಿದ್ದರು. ನನಗೆ ತೊಳೆಯಲು ಬಾಟಲಿಗಳೇ ಇರಲಿಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ ಲ್ಯಾತ್ರಪ್ ತಾನಾಗಿಯೇ ಅಂಗಡಿಗೆ ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಟೋಪಿ ತೆಗೆದ, ಆನ್ಸ್‌ಗಾರ್‌ನ ಕೈ ಕುಲುಕಿದ, ಹವಾಮಾನದ ಮಾತಾಡಿದ. ಆಮೇಲೆ ಮೆಲ್ಲಗೆ ವಿಷಯ ತೆಗೆದ. ಮಂಡಳಿಯ ಮೂವರಲ್ಲಿ ತಾನೂ ಒಬ್ಬ. ಆ ಚೀಟಿ ತನ್ನದು, ತನಗೆ ವಾಪಸ್ಸು ಬೇಕು. ಓದುವಾಗ ನನ್ನ ಕಣ್ಣು ತಪ್ಪಿತು ಎಂದು ಥೆಕ್ಲಾ ಒಂದು ಮಾತು ಹೇಳಿದರೆ ಸಾಕು, ಪರೀಕ್ಷೆ ಬರೀ ಶಾಸ್ತ್ರಕ್ಕೆ.

"ಯಾರಿಗೂ ನಷ್ಟ ಇಲ್ಲ," ಎಂದ. "ಮಗು ಚೆನ್ನಾಗಿದೆ. ನಿಮಗೆ ಸರ್ಟಿಫಿಕೇಟ್ ಸಿಗುತ್ತೆ."

"ಡಾಕ್ಟರೇ, ನಾನು ಹೇಳಿ ಕಳಿಸಿದ ದಿನ ಆ ಕಾಗದ ಬಿಡಿಸಿ ನೋಡಿದ್ರಾ?"

ಲ್ಯಾತ್ರಪ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಹಳೇದು ಯಾಕೆ ಈಗ."

"ಹಾಗಾದ್ರೆ ಚೀಟೀನೂ ಹಳೇದು. ನಿಮಗ್ಯಾಕೆ?"

ಅವನು ಕೆಂಪಾಗಿ ಹೊರಟುಹೋದ. ಆನ್ಸ್‌ಗಾರ್ ಕುರ್ಚಿಯಲ್ಲಿ ಕುಸಿದು ಕೂತ. ಅಷ್ಟು ವರ್ಷದಲ್ಲಿ ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಆವತ್ತೊಂದೇ ಸಲ.

"ಕೊಟ್ಟುಬಿಡೇ ಥೆಕ್ಲಾ! ಒಂದು ತುಂಡು ಕಾಗದ! ನಂಗೆ ಕಣ್ಣಿಲ್ಲ, ಅಂಗಡೀನೂ ಹೋದ್ರೆ ಎಲ್ಲಿಗೆ ಹೋಗೋಣ? ಹಟ ಹೊಟ್ಟೆ ತುಂಬಿಸುತ್ತಾ?"

ಥೆಕ್ಲಾ ಅವನ ಮುಂದೆ ಮಂಡಿಯೂರಿ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. "ಹನ್ನೆರಡು ವರ್ಷ ನೀವು ಓದಿದ ಹಾಗೆ ನಟನೆ ಮಾಡಿದ್ರಿ, ನಾನು ಇಲ್ಲದ ಹಾಗೆ ನಟನೆ ಮಾಡಿದೆ. ಅದನ್ನ ಮಾಡಿದೆ, ಹೊಟ್ಟೆಪಾಡು. ಈಗ ನಂಗೆ ಓದೋಕೆ ಬರಲ್ಲ ಅಂತಾನೂ ನಾನೇ ಹೇಳ್ಬೇಕಾ? ಅದೊಂದು ನನ್ನ ಕೈಲಿ ಆಗಲ್ಲ ಕಣ್ರೀ. ಓದೋದು ಬಿಟ್ರೆ ನನ್ನ ಹತ್ರ ಇನ್ನೇನಿದೆ?"

ಅವಳು ಅತ್ತಳು. ನಾನೂ ಅತ್ತೆ, ಹೇಳುವುದಕ್ಕೇನು ನಾಚಿಕೆ. ಆನ್ಸ್‌ಗಾರ್ ಅವಳ ತಲೆ ಸವರಿ, "ಸರಿ ಹೋಗು. ತಕ್ಕಡಿ ಒರೆಸಿ ತಗೊಂಡು ಹೋಗು," ಎಂದ.

ಪರೀಕ್ಷೆ ಒಂದು ಸಭಾಂಗಣದ ಮಹಡಿಯಲ್ಲಿ. ತಕ್ಕಡಿ, ಒರಳಿನ ಪೆಟ್ಟಿಗೆ ಹೊತ್ತುಕೊಂಡು ನಾನೂ ಹೋದೆ. ಉದ್ದ ಮೇಜಿನ ಹಿಂದೆ ಮೂವರು: ನಡುವೆ ಅಧ್ಯಕ್ಷ ಟ್ವಿಚೆಲ್, ಹಳೆಯ ಔಷಧಿ ವ್ಯಾಪಾರಿ, ಗಡ್ಡದ ತುಂಬ ನಶ್ಯ, ಎಡಕ್ಕೆ ಲ್ಯಾತ್ರಪ್, ಬಲಕ್ಕೆ ಒಬ್ಬ ತೂಕಡಿಸುವವನು. ಗೋಡೆಯ ಪಕ್ಕದ ಬೆಂಚಿನಲ್ಲಿ ರೋಜೀನಾ, ಮಡಿಲಲ್ಲಿ ಲೋನಿ. ಲ್ಯಾತ್ರಪ್ಪನೇ ಸಾಕ್ಷಿ ಹೇಳಲು ಕರೆಸಿದ್ದ. ರೋಜೀನಾ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಟ್ವಿಚೆಲ್ ಪ್ರಶ್ನೆ ಕೇಳಿದ. ಥೆಕ್ಲಾ ತನ್ನ ಒಡಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಯಾವ ಬೇರು ಯಾವ ಕಾಲಕ್ಕೆ ಕೀಳಬೇಕು, ಯಾವ ಉಪ್ಪು ಯಾವ ನೀರಿನಲ್ಲಿ ಕರಗುತ್ತದೆ, ಯಾವುದಕ್ಕೆ ಯಾವುದು ಬೆರೆತರೆ ಹೆಣ ಬೀಳುತ್ತದೆ. ಮುಕ್ಕಾಲು ಗಂಟೆ. ಒಂದೂ ತಪ್ಪಲಿಲ್ಲ. ತೂಕಡಿಸುವವನೂ ಎಚ್ಚರಾಗಿ ಕೂತ.

ಆಮೇಲೆ ಲ್ಯಾತ್ರಪ್ ರೋಜೀನಾಳನ್ನು ಎಬ್ಬಿಸಿದ. ಅವಳು ನಡೆದದ್ದನ್ನು ಹೇಳಿದಳು, ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದಳು. ಚೀಟಿ ಕಿತ್ತುಕೊಂಡಳು, ಕೊಡಲಿಲ್ಲ, ನನ್ನ ಮಗು ಸಾಯ್ತಿತ್ತು. ಟ್ವಿಚೆಲ್ ಗಡ್ಡ ಕೆರೆದುಕೊಂಡ.

"ಇದು ತುಂಬಾ ಗಂಭೀರವಾದ ದೂರು," ಎಂದ. "ಇರಲಿ, ಕೊನೆಗೆ ಕೈಕೆಲಸ ಒಂದು ನೋಡೋಣ. ಯಾವುದಾದ್ರೂ ಚೀಟಿ ಇಟ್ಟುಕೊಂಡು ನಮ್ಮೆದುರಿಗೆ ಔಷಧಿ ಕಟ್ಟಿ ತೋರಿಸಿ."

"ಯಾವುದಾದ್ರೂ?" ಎಂದಳು ಥೆಕ್ಲಾ.

"ಯಾವುದಾದ್ರೂ."

ಅವಳು ರವಿಕೆಯೊಳಗಿಂದ ಚೀಟಿ ತೆಗೆದಳು. ಮಧ್ಯದಲ್ಲಿ ತಂತಿ ಚುಚ್ಚಿದ ತೂತು. ಲ್ಯಾತ್ರಪ್ ಅರ್ಧ ಎದ್ದ. ಟ್ವಿಚೆಲ್ ಚೀಟಿ ತೆಗೆದುಕೊಂಡು ಓದಿದ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದ, ಅವಳ ಕೈಗೇ ವಾಪಸ್ಸು ಕೊಟ್ಟ.

ಥೆಕ್ಲಾ ಕಟ್ಟತೊಡಗಿದಳು. ಮಂಡಳಿಯವರ ಬಾಟಲಿಯಿಂದ ಮಾರ್ಫಿನ್ ತೂಗಿದಳು, ಸಕ್ಕರೆ ಸೇರಿಸಿ ಅರೆದಳು, ಇಪ್ಪತ್ನಾಲ್ಕು ಕಾಗದ ಹಾಸಿದಳು, ಪಾಲು ಮಾಡಿದಳು, ಮಡಚಿದಳು. ಆ ಕೈಗಳನ್ನು ನೋಡಬೇಕಿತ್ತು ನೀವು. ಒಂದು ಮಡಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಪ್ಪತ್ನಾಲ್ಕು ಪೊಟ್ಟಣವನ್ನೂ ಸಾಲಾಗಿ ಜೋಡಿಸಿ, ಒಂದನ್ನು ಎತ್ತಿಕೊಂಡು ಹೋಗಿ ಲ್ಯಾತ್ರಪ್ಪನ ಮುಂದಿಟ್ಟಳು. ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟಳು.

"ನೀವು ಬರೆದಿದ್ದನ್ನೇ ಕಟ್ಟಿದೀನಿ ಡಾಕ್ಟರೇ. ಒಂದು ತಗೊಳ್ಳಿ. ಒಂದೇ ಒಂದು."

ಇಂಗ್ಲಿಷಿನಲ್ಲಿ ಹೇಳಿ, ರೋಜೀನಾಳ ಕಡೆ ತಿರುಗಿ ಅದನ್ನೇ ನಮ್ಮ ಭಾಷೆಯಲ್ಲೂ ಹೇಳಿದಳು. "ರೋಜೀನಾ, ಮೊದಲನೇ ಚೀಟೀಲಿ ಇದ್ದಿದ್ದು ಇದು. ಲೋನಿಗೆ ನಾಲ್ಕು ಗಂಟೆಗೊಂದು ಕೊಡು ಅಂದಿದ್ರಲ್ಲ, ಅದು ಇದು. ಡಾಕ್ಟರು ಆರಡಿ ಆಳು. ಅವರಿಗೆ ಒಂದು ತಗೊಳ್ಳಿ ಅಂತಿದೀನಿ."

ಲ್ಯಾತ್ರಪ್ ನಕ್ಕಂತೆ ಮಾಡಿದ. "ಇದೇನು ನಾಟಕ? ನನಗೆ ಕೆಮ್ಮಿಲ್ಲ."

"ಕೆಮ್ಮಿಲ್ಲದೇ ಇದ್ರೂ ತೊಂದ್ರೆ ಏನು? ಮಗೂಗೆ ಆಗೋದು ನಿಮಗಾಗಲ್ವಾ?"

"ಅಧ್ಯಕ್ಷರೇ, ಇದು ಅವಮಾನ."

ಟ್ವಿಚೆಲ್ ನಶ್ಯದ ಡಬ್ಬಿ ನೋಡುತ್ತಾ ಕೂತಿದ್ದ.

ಆಗ ಬೆಂಚು ಕಿರ್ರೆಂದಿತು. ರೋಜೀನಾ ಎದ್ದಿದ್ದಳು. ಅವಳಿಗೆ ಓದು ಬರುವುದಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ಅವಳು ಆಗಿನಿಂದಲೂ ನೋಡುತ್ತಿದ್ದದ್ದು ಚೀಟಿಯನ್ನಲ್ಲ, ಲ್ಯಾತ್ರಪ್ಪನ ಕೈಯನ್ನು. ಆ ಕೈ ಮೇಜಿನ ಮೇಲಿಂದ ಮೆಲ್ಲಗೆ ಹಿಂದೆ ಸರಿದು ಮಡಿಲಿಗೆ ಹೋಗಿತ್ತು. ಲೋನಿಯನ್ನು ಸೊಂಟದ ಮೇಲೆ ಏರಿಸಿಕೊಂಡು ಅವಳು ಮೇಜಿನ ಹತ್ತಿರ ಬಂದಳು.

"ತಿನ್ನಿ ಡಾಕ್ಟರೇ," ಎಂದಳು. ದನಿ ಏರಿಸಲಿಲ್ಲ. "ನನ್ನ ಮಗೂಗೆ ಇಪ್ಪತ್ನಾಲ್ಕು ಬರೆದಿದ್ರಿ. ನೀವು ಒಂದೂ ತಿನ್ನಲ್ವಾ?"

ಅವನು ತಿನ್ನಲಿಲ್ಲ. ಲೋನಿ ಮಾತ್ರ ಪೊಟ್ಟಣವನ್ನು ಮಿಠಾಯಿ ಎಂದುಕೊಂಡು ಕೈ ಚಾಚಿದಳು. ರೋಜೀನಾ ಆ ಕೈಯನ್ನು ಹಿಡಿದು ತನ್ನ ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತಳು.

"ತಪ್ಪು ಬರೆದಿದ್ದಕ್ಕೆ ನಂಗೆ ಸಿಟ್ಟಿಲ್ಲ ಡಾಕ್ಟರೇ," ಎಂದಳು ಥೆಕ್ಲಾ. "ತಪ್ಪು ಯಾರ ಕೈಲಿ ಆಗಲ್ಲ? ನನ್ನ ಕೈಲೂ ಆಗಿದೆ. ಆದ್ರೆ ನೋಡಿ ಅಂದಾಗ ನೀವು ನೋಡ್ಲಿಲ್ಲ. ತಪ್ಪು ಗೊತ್ತಾದ ಮೇಲೆ ನನ್ನ ಕಣ್ಣೇ ತಪ್ಪಿತು ಅನ್ನು ಅಂದ್ರಿ. ಅದಕ್ಕೆ ಸಿಟ್ಟು."

ಮೂವರೂ ಒಳಗೆ ಹೋದರು. ಅರ್ಧ ಗಂಟೆಯಾದ ಮೇಲೆ ಟ್ವಿಚೆಲ್ ಒಬ್ಬನೇ ಹೊರಗೆ ಬಂದ, ಕೈಯಲ್ಲಿ ಸರ್ಟಿಫಿಕೇಟ್. ದೊಡ್ಡ ಕಾಗದ, ಕೆಂಪು ಮುದ್ರೆ, ಅವಳದೇ ಹೆಸರು. ನನ್ನ ಎದೆ ಹಿಗ್ಗಿಹೋಯಿತು.

"ನಲವತ್ತು ವರ್ಷದಲ್ಲಿ ಇಂಥ ಕೈ ನಾನು ನೋಡಿಲ್ಲ," ಎಂದ ಮುದುಕ. "ಇದು ನಿಮ್ಮದು. ಆದ್ರೆ ಆ ಚೀಟಿ ಇಲ್ಲೇ ಒಲೆಗೆ ಹೋಗ್ಬೇಕು. ಇಲ್ಲಿ ನಡೆದದ್ದು ಇಲ್ಲಿಗೇ ಮುಗೀಬೇಕು. ಡಾಕ್ಟರುಗಳ ಮೇಲಿನ ನಂಬಿಕೆ ಹೋದ್ರೆ ನಮ್ಮೆಲ್ಲರ ವ್ಯಾಪಾರವೂ ಹೋಗುತ್ತೆ, ನೋಡಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರ ನ್ಯಾಯ ಇಷ್ಟೇ. ನಾನು ಥೆಕ್ಲಾಳ ಮುಖ ನೋಡಿದೆ. ನಿಜ ಹೇಳುತ್ತೇನೆ, ಕೊಟ್ಟುಬಿಡಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಬಾಯಿ ಬಿಟ್ಟು, "ಕೊಡೇ, ಸಾಕು," ಎಂದೂ ಅಂದೆ.

ಅವಳು ಸರ್ಟಿಫಿಕೇಟಿನ ಮೇಲಿದ್ದ ತನ್ನ ಹೆಸರನ್ನು ಒಂದು ಸಲ ಓದಿದಳು. ಬೆರಳಿನಿಂದ ಮುಟ್ಟಿಯೂ ನೋಡಿದಳು. ಆಮೇಲೆ ಚೀಟಿಯನ್ನು ರೋಜೀನಾಳ ಕೈಗೆ ಕೊಟ್ಟಳು.

"ಆವತ್ತು ಕೊಡು ಅಂದೆಯಲ್ಲ, ತಗೋ. ಮಗು ನಿಂದು, ಚೀಟಿ ನಿಂದು. ಸುಡೋದಾದ್ರೆ ನೀನು ಸುಡು."

ರೋಜೀನಾ ಮೂಗು ಒರೆಸಿಕೊಂಡು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎದೆಯೊಳಗೆ ತುರುಕಿಕೊಂಡು, ಟ್ವಿಚೆಲ್‌ನ ಕಡೆ ತಿರುಗಿ, "ಬೇಕಾದೋರು ಬಂದು ತಗೊಳ್ಳಿ ನೋಡೋಣ!" ಎಂದಳು. ಅವಳ ಗಾತ್ರ ನೋಡಿದವರಾರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

"ಹಾಗಾದ್ರೆ ಸರ್ಟಿಫಿಕೇಟ್ ಇಲ್ಲ," ಎಂದ ಟ್ವಿಚೆಲ್.

"ಇಲ್ಲ ಅಂದ್ರೆ ಇಲ್ಲ. ಆಫ್ರಾ, ತಕ್ಕಡಿ ಎತ್ತು."

ಮರುದಿನ ಬೆಳಿಗ್ಗೆ ಎಂದಿನಂತೆ ಅಂಗಡಿ ತೆಗೆದಳು. ಪರದೆಯನ್ನು ಕಿತ್ತು ನೆಲ ಒರೆಸಲು ನನಗೆ ಕೊಟ್ಟಳು. ಇನ್ನು ಮೇಲೆ ಎಲ್ಲರೆದುರಿಗೇ ಅರೆಯುತ್ತೇನೆ ಎಂದಳು. ರೋಜೀನಾ ಬೀದಿಯ ಒಂದೊಂದು ಮನೆಯ ಮೆಟ್ಟಿಲು ಹತ್ತಿ ಚೀಟಿ ತೋರಿಸಿದಳು. ಓದು ಬರುವವರಿಗೆ ಓದಿಸಿದಳು, ಬಾರದವರಿಗೆ ಕೈ ತಿರುಗಿಸಿ ತಿರುಗಿಸಿ ವಿವರಿಸಿದಳು. ಕ್ಷಮಿಸು ಎಂದು ಥೆಕ್ಲಾಳಿಗೆ ಅವಳು ಯಾವತ್ತೂ ಹೇಳಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ. ಒಂದು ವಾರದಲ್ಲಿ ನನ್ನ ತೊಟ್ಟಿಯ ತುಂಬ ಬಾಟಲಿ.

ತಿಂಗಳಾದ ಮೇಲೆ ಪೊಲೀಸಿನವನು ನೋಟಿಸು ಹಿಡಿದು ಬಂದ. ನಮ್ಮ ಬೀದಿಯವನೇ, ಲುಡ್ಗರ್ ಎಂದು. ಅಂಗಡಿಯ ತುಂಬ ಹೆಂಗಸರು. ಅವರ ನಡುವೆ ಅವನ ಅತ್ತೆಯೂ ಕೂತಿದ್ದಳು, ಮಂಡಿಯ ಎಣ್ಣೆಗಾಗಿ ಕಾಯುತ್ತಾ.

"ಏನಪ್ಪಾ ಅಳಿಯಂದಿರೇ, ಅಂಗಡಿ ಮುಚ್ಚೋಕೆ ಬಂದ್ರಾ?" ಎಂದಳು ಅತ್ತೆ. "ಮುಚ್ಚಿ ಮುಚ್ಚಿ. ಆಮೇಲೆ ನನ್ನ ಮಂಡಿ ನೀವೇ ತಿಕ್ಕಿ."

ಲುಡ್ಗರ್ ನೋಟಿಸನ್ನು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೋದ. ಆದರೆ ಕಾನೂನು ಅಷ್ಟಕ್ಕೆ ಬಿಡುತ್ತದೆಯೇ? ವರ್ಷಕ್ಕೊಂದು ಸಲ ಅವಳನ್ನು ನ್ಯಾಯಾಲಯಕ್ಕೆ ಕರೆಸುತ್ತಿದ್ದರು. ದಂಡ ಕಟ್ಟು ಎನ್ನುತ್ತಿದ್ದರು. "ಕಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗೆ. ಕಟ್ಟಲ್ಲ, ಕೂಡಿಹಾಕಿ," ಎನ್ನುತ್ತಿದ್ದಳು. ಎರಡು ದಿನ ಕೂಡಿಹಾಕುತ್ತಿದ್ದರು. ಅವಳು ಹೆಣಿಗೆ ತೆಗೆದುಕೊಂಡು ಹೋಗಿ ಒಂದು ಜೊತೆ ಕೈಗವಸು ಮುಗಿಸಿಕೊಂಡು ಬರುತ್ತಿದ್ದಳು. ಆ ಎರಡು ದಿನ ಬೀದಿಯಲ್ಲಿ ಯಾರೂ ಕಾಯಿಲೆ ಬೀಳಕೂಡದು ಎಂದು ರೋಜೀನಾಳ ಅಪ್ಪಣೆ.

ಅವಳ ಹೆಸರಿದ್ದ ಆ ಸರ್ಟಿಫಿಕೇಟ್ ಎಲ್ಲೋ ಯಾವುದೋ ಕಪಾಟಿನಲ್ಲಿ ಕೊಳೆಯುತ್ತಿತ್ತು. ಅವಳಿಗೆ ಅದರ ಆಸೆ ಇರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಎಷ್ಟೋ ಸಲ ಖಾಲಿ ಗೋಡೆ ನೋಡುತ್ತಾ ನಿಂತುಬಿಡುತ್ತಿದ್ದಳು. ಕೇಳಿದರೆ, "ಸುಣ್ಣ ಹೊಡೀಬೇಕು," ಎನ್ನುತ್ತಿದ್ದಳು.

ಮೂರು ವರ್ಷ ಕಳೆದಿರಬೇಕು. ಏಪ್ರಿಲ್ ತಿಂಗಳು, ಮಧ್ಯಾಹ್ನ. ಅಂಗಡಿಯ ಮುಂದೆ ಕುದುರೆ ಗಾಡಿ ನಿಂತಿತು. ಕೈಗವಸು, ಗರಿಯ ಟೋಪಿಯ ಹೆಂಗಸೊಬ್ಬಳು ಇಳಿದು ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಚೀಟಿ ಚಾಚಿದಳು. ಆ ಕೈಬರಹ ನನಗೂ ಗುರುತು ಸಿಕ್ಕಿತು. ಲ್ಯಾತ್ರಪ್ಪನದು. ಬಂದವಳು ಅವನ ಹೆಂಡತಿ. ಅವರ ನಾಲ್ಕು ವರ್ಷದ ಮಗನಿಗೆ ನಾಯಿಕೆಮ್ಮು.

ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಾಯಿಗೆ ಬಂದ ಹತ್ತು ಮಾತನ್ನೂ ಥೆಕ್ಲಾಳ ಕಣ್ಣು ನೋಡಿ ನುಂಗಿಕೊಂಡೆ.

"ಆಚೆ ದಡದಲ್ಲಿ ಅಂಗಡಿಗಳೆಲ್ಲ ಮುಚ್ಚಿದಾವಾ ಅಮ್ಮಾ?" ಎಂದಳು ಥೆಕ್ಲಾ.

"ಇಲ್ಲ."

"ಇಲ್ಲಿ ಸರ್ಟಿಫಿಕೇಟ್ ಇಲ್ಲ. ನಿಮ್ಮ ಯಜಮಾನರಿಗೆ ಗೊತ್ತು. ನೋಡಿ, ಗೋಡೆ ಖಾಲಿ."

"ಗೊತ್ತು. ಅವರೇ ಹೇಳಿ ಕಳಿಸಿದ್ದು," ಎಂದಳು ಆಕೆ. "'ಸರ್ಟಿಫಿಕೇಟ್ ಇರೋ ಕಡೆ ಹೋಗ್ಬೇಡ, ಅವರು ನಾನು ಬರೆದಿದ್ದನ್ನ ನೋಡದೆ ಕಟ್ಟಿಕೊಡ್ತಾರೆ. ನನ್ನ ಕೈ ನಡುಗ್ತಿದೆ, ಏನು ಬರೆದೆನೋ ನಂಗೇ ನಂಬಿಕೆ ಇಲ್ಲ. ಆ ಹೆಂಗಸಿನ ಹತ್ರಾನೇ ಹೋಗು, ಅವಳು ನೋಡ್ತಾಳೆ' ಅಂದ್ರು."

ಥೆಕ್ಲಾ ಚೀಟಿ ತೆಗೆದುಕೊಂಡಳು. ಅವಳಿಗೆ ಕುರ್ಚಿ ಎಳೆದು ಕೊಟ್ಟಳು.

"ಕೂತ್ಕೊಳ್ಳಿ," ಎಂದಳು. "ನಾನು ಎರಡು ಸಲ ಓದ್ತೀನಿ."